ಎಡ ರೆಕ್ಕೆ

ಮತ್ತೆ ಎಡ ರೆಕ್ಕೆಯೇ ಮುರಿದಿತ್ತು. ಶನಿವಾರ ಮಧ್ಯಾಹ್ನ ನಮ್ಮವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ವಿಮಾನವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಊಟದ ಮೇಜಿನ ಮೇಲೆ ಮಲಗಿಸಿದರು. ಮುರಿದ ತುದಿ ಬೇರೆ ಚೀಲದಲ್ಲಿತ್ತು.

"ನಿನ್ನ ಗೋಂದು ಸರಿ ಇಲ್ಲ ಕಣೇ," ಎಂದರು, ನನ್ನ ಮುಖ ಕೂಡ ನೋಡದೆ. "ಮೇಲಕ್ಕೆ ಹೋಗ್ತಿದ್ದ ಹಾಗೇ ಎಡಕ್ಕೆ ವಾಲುತ್ತೆ. ನೀನು ಸೊಟ್ಟಗೆ ಅಂಟಿಸಿದೀಯ."

ನನಗೆ ಪಿತ್ತ ನೆತ್ತಿಗೇರಿತು. ನಾನು ಕೆಲಸ ಮಾಡುವುದು ಅಂಗಡಿಗಳಿಗೆ ಬೋರ್ಡು ಮಾಡಿಕೊಡುವವರ ಹತ್ತಿರ. ಕಾದ ತಂತಿಯಲ್ಲಿ ಥರ್ಮೋಕೋಲ್ ಕೊಯ್ದು ಆಳೆತ್ತರದ ಅಕ್ಷರಗಳನ್ನು ಮಾಡುತ್ತೇನೆ. ಒಂದು ಅಕ್ಷರದ ಬಾಲ ಕೂದಲೆಳೆಯಷ್ಟು ಆಚೀಚೆಯಾದರೂ ರಸ್ತೆಯ ಈ ಬದಿಯಿಂದಲೇ ನನ್ನ ಕಣ್ಣಿಗೆ ಚುಚ್ಚುತ್ತದೆ. ಅಂಥವಳಿಗೆ ಮುಖಕ್ಕೆ ಹೊಡೆದ ಹಾಗೆ ಸೊಟ್ಟಗೆ ಅಂಟಿಸಿದ್ದೀಯ ಅಂದರೆ ಸುಮ್ಮನಿರುವುದು ಹೇಗೆ?

"ಅಂಟಿಸಿದವಳು ನಾನು, ಹಾರಿಸಿದವರು ನೀವು," ಎಂದೆ. "ನನ್ನ ಗೋಂದು ಮನೆಯಿಂದ ಹೊರಡುವಾಗ ನೆಟ್ಟಗೇ ಇತ್ತು."

ಅವರು ಮುಖ ಊದಿಸಿಕೊಂಡು ಒಳಗೆ ಹೋದರು. ನಾನು ಅಡುಗೆಮನೆಯ ಹಳೇ ಬಟ್ಟೆ ಹಾಸಿ, ವಿಮಾನವನ್ನು ಅದರ ಮೇಲೆ ಬೋರಲು ಹಾಕಿದೆ.

ಈ ವಿಮಾನಕ್ಕೆ ಮನೆಯಲ್ಲಿ ನಾನಿಟ್ಟ ಹೆಸರು ಸವತಿ. ರಜೆ ಬಂದರೆ ಗಂಡ ನನ್ನನ್ನು ಬಿಟ್ಟು ಇದರ ಜೊತೆ ಮೈದಾನಕ್ಕೆ ಹೋಗುತ್ತಾರೆ, ಪೆಟ್ಟು ಮಾಡಿಕೊಂಡು ಬಂದರೆ ಆರೈಕೆ ನಾನು ಮಾಡಬೇಕು. ಹಾಗಾಗಿ ಬೇರೆ ಹೆಸರು ಹೊಳೆಯಲಿಲ್ಲ. ಇವರದು ಕ್ರೇನ್ ನಡೆಸುವ ಕೆಲಸ. ದೊಡ್ಡ ಕಟ್ಟಡ ಏಳುವ ಕಡೆ, ಉದ್ದ ತೋಳಿನ ಕ್ರೇನಿನ ನೆತ್ತಿಯ ಮೇಲೆ ಗಾಜಿನ ಗೂಡಿನೊಳಗೆ ಬೆಳಗಿನಿಂದ ಸಂಜೆಯ ತನಕ ಕೂತಿರುತ್ತಾರೆ. ದಿನವಿಡೀ ಆಕಾಶದಲ್ಲಿ ಕೂತು ಬಂದವರಿಗೆ ರಜಾ ದಿನವೂ ಆಕಾಶವೇ ಬೇಕು. ಮೊದಲನೆಯ ವಿಮಾನವನ್ನು ಫ್ರಿಡ್ಜಿನ ಪೆಟ್ಟಿಗೆಯಲ್ಲಿ ಬಂದ ಫೋಮಿನಿಂದ ಅವರೇ ಮಾಡಿದ್ದರು. ಅದು ವಿಮಾನಕ್ಕಿಂತ ಹೆಚ್ಚಾಗಿ ಚಪ್ಪಲಿಯಂತಿತ್ತು. ಆ ಸೊಟ್ಟ ರೆಕ್ಕೆಯನ್ನು ನೋಡಲಾರದೆ ಎರಡನೆಯದರ ರೆಕ್ಕೆಯನ್ನು ನಾನೇ ನಮ್ಮ ಅಂಗಡಿಯ ತಂತಿಯಲ್ಲಿ ಕೊಯ್ದುಕೊಟ್ಟೆ. ಅಲ್ಲಿಗೆ ಸಿಕ್ಕಿಹಾಕಿಕೊಂಡೆ. ಅಂದಿನಿಂದ ಕಟ್ಟುವುದು, ರಿಪೇರಿ ಮಾಡುವುದು ನನ್ನದು, ಹಾರಿಸುವುದು ಅವರದು. ರಿಮೋಟನ್ನು ನಾನು ಒಂದು ದಿನವೂ ಕೈಯಲ್ಲಿ ಹಿಡಿದವಳಲ್ಲ. ಹಿಡಿಯುವ ಆಸೆಯೂ ಇರಲಿಲ್ಲ.

ಮುರಿದ ಫೋಮನ್ನು ಅಂಟಿಸುವ ಮುಂಚೆ ಓದಬೇಕು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ಕೊಡವಿ, ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಬಿರುಕುಗಳು ಹೊಳೆಯುತ್ತವೆ. ನೆಗ್ಗಿದ ಕಡೆ ಪಾತ್ರೆಯ ಹಬೆ ಹಿಡಿದರೆ ಉಬ್ಬಿ ಮೇಲೇಳುತ್ತದೆ. ಬಿಸಿ ಗೋಂದು ಹಾಕಿದರೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ, ಆದ್ದರಿಂದ ಬಡಗಿಗಳ ಬಿಳಿ ಗೋಂದೇ ಆಗಬೇಕು. ಎರಡು ತುಂಡುಗಳ ನಡುವೆ ಹಲ್ಲುಕಡ್ಡಿ ಚುಚ್ಚಿ, ಅದುಮಿ ಹಿಡಿದು, ಮೇಲೆ ಟೇಪು ಸುತ್ತಬೇಕು. ಇಷ್ಟು ಕೆಲಸಕ್ಕೆ ಇಡೀ ಮಧ್ಯಾಹ್ನ ಬೇಕು, ಮತ್ತು ಆ ಮಧ್ಯಾಹ್ನ ನನ್ನ ಹತ್ತಿರ ಯಾರೂ ಮಾತಾಡಬಾರದು.

ಆ ದಿನ ಎಡ ರೆಕ್ಕೆಯನ್ನು ಬೆಳಕಿಗೆ ಹಿಡಿದಾಗ ನನಗೆ ಮೊದಲು ಕಂಡಿದ್ದು ನನ್ನದೇ ಹಳೇ ಹೊಲಿಗೆಗಳು. ಒಂದರ ಮೇಲೊಂದು ಗೋಂದಿನ ಗೆರೆ. ಬಲ ರೆಕ್ಕೆ ನಾನು ಕೊಯ್ದುಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು, ಒಂದು ಗೀರೂ ಇಲ್ಲ. ಆಮೇಲೆ ಗಾಯವನ್ನು ನೋಡಿದೆ. ವಿಮಾನ ಎಡಕ್ಕೆ ವಾಲಿ ನೆಲಕ್ಕೆ ಬಿದ್ದಿದ್ದರೆ ರೆಕ್ಕೆಯ ಅಡಿಭಾಗ ಉಜ್ಜಿ ಸವೆಯಬೇಕು. ಅಡಿಭಾಗ ನುಣ್ಣಗಿತ್ತು. ಜಜ್ಜಿದ್ದು ಮುಂಭಾಗ, ಅದೂ ನನ್ನ ಮಣಿಕಟ್ಟಿನಷ್ಟು ದಪ್ಪದ ಒಂದೇ ಗುಳಿ. ಗುಳಿಯೊಳಗೆ ತುಕ್ಕಿನ ಪುಡಿ ಅಂಟಿತ್ತು.

ಮೈದಾನದ ಬೇಲಿಯ ಕಂಬಗಳು ಕಬ್ಬಿಣದವು. ವಿಮಾನ ವಾಲಿರಲೇ ಇಲ್ಲ. ಅದು ನೆಟ್ಟಗೆ ಹಾರಿಕೊಂಡು ಹೋಗಿ, ಅಲ್ಲೇ ನಿಂತಿದ್ದ ಕಂಬಕ್ಕೆ ಹೊಡೆದಿತ್ತು.

ಆದರೂ ನನ್ನ ಮೇಲೇ ನನಗೆ ಅನುಮಾನ ಉಳಿಯಬಾರದೆಂದು ಅಂಟಿಸಿ ಒಣಗಿಸಿದ ಮೇಲೆ ವಿಮಾನದ ಮೂಗು, ಬಾಲಗಳನ್ನು ಬೆರಳಿನ ಮೇಲೆ ನಿಲ್ಲಿಸಿ ತೂಗಿ ನೋಡಿದೆ. ಗೋಂದಿನ ಭಾರಕ್ಕೆ ಎಡಗಡೆ ಚೂರು ತಗ್ಗಿತು, ಬಲತುದಿಗೆ ಒಂದು ಸಣ್ಣ ಮೊಳೆ ತುರುಕಿ ಸರಿ ಮಾಡಿದೆ. ಆಮೇಲೆ ಹೊರಗಿನ ಉದ್ದ ಪಡಸಾಲೆಯ ಕೊನೆಯಲ್ಲಿ ಹಾಸಿಗೆಯನ್ನು ನಿಲ್ಲಿಸಿ, ಈ ತುದಿಯಿಂದ ವಿಮಾನವನ್ನು ಮೆಲ್ಲಗೆ ತೂರಿದೆ. ಅದು ಗೆರೆ ಎಳೆದ ಹಾಗೆ ತೇಲಿಹೋಗಿ ಹಾಸಿಗೆಯ ನಡುಮಧ್ಯಕ್ಕೆ ಮೂಗು ಒತ್ತಿತು. ಇನ್ನೊಮ್ಮೆ ತೂರಿದೆ. ಅದೇ ಜಾಗ.

ವಿಮಾನ ನೆಟ್ಟಗಿದೆ. ಹಾಗಾದರೆ ಸೊಟ್ಟಗಿರುವುದು ಏನು?

ಒಳಗೆ ಇವರು ಟಿವಿ ನೋಡುತ್ತಿದ್ದರು. ಕುರ್ಚಿಯನ್ನು ಎಡಗಡೆಯ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಇದು ಇತ್ತೀಚಿನ ಚಾಳಿ. ಊಟಕ್ಕೆ ಕೂತರೂ ಅದೇ, ಬಸ್ಸಿನಲ್ಲಿ ಕೂತರೂ ಅದೇ, ಎಡಗಡೆ ಗೋಡೆಯೋ ಕಿಟಕಿಯೋ ಇರಬೇಕು, ಉಳಿದ ಲೋಕವೆಲ್ಲ ಬಲಗಡೆ. ವಯಸ್ಸಾಗುತ್ತಿದ್ದ ಹಾಗೆ ಗಂಡಸರಿಗೆ ಇಂಥ ಹಟಗಳು ಬರುತ್ತವೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಸದ್ದಾಗದಂತೆ ಅವರ ಹಿಂದೆ ಹೋಗಿ, ಗೋಡೆಗೂ ಅವರ ಎಡಗಿವಿಗೂ ನಡುವೆ ಕೈ ತೂರಿಸಿದೆ. ಕೈಯಲ್ಲಿ ಒಂದು ಬಿಳಿ ಫೋಮಿನ ಚೂರಿತ್ತು. ಮೆಲ್ಲಗೆ ಮುಂದಕ್ಕೆ ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು, ಕಣ್ಣಿನ ಪಕ್ಕಕ್ಕೆ ಬಂತು. ಅವರು ಟಿವಿಯನ್ನೇ ನೋಡುತ್ತಿದ್ದರು. ಮೂಗಿನ ಹತ್ತಿರ ಬಂದಾಗ ಬೆಚ್ಚಿಬಿದ್ದರು.

"ಏನೇ ಇದು, ಜೀವ ಹೋಗೋ ಹಾಗೆ!"

"ಧೂಳಿತ್ತು," ಎಂದು ಕೆನ್ನೆ ಒರೆಸಿದ ಹಾಗೆ ಮಾಡಿದೆ.

ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಸೋಮವಾರದಿಂದ ಇವರು ಎತ್ತಬೇಕಿದ್ದದ್ದು ಸಿದ್ಧಮಾಡಿ ತಂದ ಕಾಂಕ್ರೀಟ್ ಗೋಡೆಗಳನ್ನು. ಒಂದೊಂದು ಗೋಡೆಯೂ ನಮ್ಮ ಮನೆಯ ಕೋಣೆಯಷ್ಟು ಅಗಲ. ಆ ಗೋಡೆ ತೂಗುತ್ತ ಇಳಿಯುವಾಗ ಕೆಳಗೆ ನಿಂತು, ಸೊಂಟದ ರೇಡಿಯೋದಲ್ಲಿ 'ಎಡಕ್ಕೆ, ಬಲಕ್ಕೆ, ಇಳಿಸು, ನಿಲ್ಲಿಸು' ಎಂದು ಹೇಳುವವನು ನನ್ನ ತಮ್ಮ. ರೇಡಿಯೋ ಬರುವ ಮುಂಚಿನ ದಿನಗಳಲ್ಲಿ ಬಾಯಲ್ಲೇ ಶಿಳ್ಳೆ ಹೊಡೆದು ಕ್ರೇನಿಗೆ ದಾರಿ ತೋರಿಸುತ್ತಿದ್ದನಂತೆ, ಅದಕ್ಕೆ ಎಲ್ಲರೂ ಅವನನ್ನು ಶಿಳ್ಳೆ ಎಂದೇ ಕರೆಯುತ್ತಾರೆ. ಅವನನ್ನು ಆ ಕೆಲಸಕ್ಕೆ ಸೇರಿಸಿದವರೇ ಇವರು. ನಮ್ಮ ಅಮ್ಮ ಹೋದ ಮೇಲೆ ನನ್ನ ಕೈಯಲ್ಲಿ ಅನ್ನ ತಿಂದು ಬೆಳೆದವನು ಅವನು.

ನೇರವಾಗಿ ಕೇಳಬಹುದಿತ್ತು. ಕೇಳಿದರೆ ಏನು ಹೇಳುತ್ತಾರೆಂದೂ ಗೊತ್ತಿತ್ತು. ನಿನ್ನ ಗೋಂದು ಅನ್ನುತ್ತಾರೆ, ನಿನ್ನ ತಲೆ ಅನ್ನುತ್ತಾರೆ, ಊಟ ಬಿಟ್ಟು ಮಲಗುತ್ತಾರೆ, ಸೋಮವಾರ ಬೆಳಿಗ್ಗೆ ಎದ್ದು ಕ್ರೇನ್ ಹತ್ತುತ್ತಾರೆ. ಇವರ ಬಾಯಿಂದ ನಿಜ ಹೊರಡುವುದಿಲ್ಲ, ಸವತಿಯನ್ನೇ ಕೇಳಬೇಕು ಎಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ನಾನೂ ಮೈದಾನಕ್ಕೆ ಬರುತ್ತೇನೆ ಎಂದಾಗ ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ನನ್ನ ಗೋಂದು ಸರಿ ಇಲ್ಲ ಅಂದ್ರಲ್ಲ, ಕಣ್ಣಾರೆ ನೋಡೋಣ ಅಂತ."

ಶಿಳ್ಳೆ ಮೈದಾನದ ಬಾಗಿಲಲ್ಲೇ ಕಾಯುತ್ತಿದ್ದ. ನನ್ನನ್ನು ನೋಡಿ ಅವನ ನಗು ಅರ್ಧಕ್ಕೇ ನಿಂತಿತು. ಮೈದಾನವೆಂದರೆ ಮುಚ್ಚಿದ ಕಾರ್ಖಾನೆಯೊಂದರ ಹಿಂದಿನ ಬಯಲು. ಬೆನ್ನಿಗೆ ಕಾರ್ಖಾನೆಯ ಗೋಡೆ, ಎಡಗಡೆಗೆ ಆ ಕಬ್ಬಿಣದ ಕಂಬಗಳ ಬೇಲಿ, ಮುಂದೆ ಮತ್ತು ಬಲಕ್ಕೆ ಖಾಲಿ ಹುಲ್ಲು. ಬೇಲಿಯ ಮಧ್ಯೆ ಒಂದು ಕಡೆ ಹರಿದಿತ್ತು, ಆಚೆ ಬೀದಿಯವರು ಅದರಲ್ಲಿ ನುಸುಳಿ ಅಡ್ಡದಾರಿ ಮಾಡಿಕೊಂಡಿದ್ದರು.

ಇವರು ಬ್ಯಾಟರಿ ಸಿಕ್ಕಿಸಿದರು. ರಿಮೋಟಿನ ಕಡ್ಡಿಯನ್ನು ಆಚೀಚೆ ಆಡಿಸಿ ರೆಕ್ಕೆಯ ಹಿಂದಿನ ಪಟ್ಟಿಗಳು ಸರಿಯಾಗಿ ಏಳುತ್ತವೆಯೇ ಬೀಳುತ್ತವೆಯೇ ಎಂದು ನೋಡಿದರು. ನೋಡಿದರು ಅನ್ನುವುದಕ್ಕಿಂತ, ಬಗ್ಗಿ ಬೆರಳಿನಿಂದ ಮುಟ್ಟಿದರು. ಶಿಳ್ಳೆ ಅಷ್ಟು ಹೊತ್ತಿಗೆ ಅವರ ಎಡಭುಜಕ್ಕೆ ತಾಗಿಕೊಂಡು ನಿಂತಿದ್ದ. ಅದು ಅವನ ಮಾಮೂಲು ಜಾಗವೆಂದು ನೋಡಿದರೇ ತಿಳಿಯುತ್ತಿತ್ತು.

"ನೀನು ಇಲ್ಲಿ ಯಾಕೋ?" ಎಂದೆ. "ಹೋಗಿ ಆ ಬೇಲಿ ಹರಿದಿದೆಯಲ್ಲ, ಅಲ್ಲಿ ನಿಂತ್ಕೋ. ಯಾರಾದ್ರೂ ನುಸುಳಿ ಬಂದು ತಲೆಗೆ ಹೊಡೆಸ್ಕೊಂಡ್ರೆ?"

"ಯಾರೂ ಬರಲ್ಲ ಅಕ್ಕ. ನಾನು ಇಲ್ಲೇ ಇರ್ತೀನಿ."

"ಬರ್ತಾರೆ. ಹೋಗು."

"ಭಾವನಿಗೆ ಸ್ವಲ್ಪ..." ಎಂದು ತಡವರಿಸಿದ. "ಭಾವ ಹಾರಿಸುವಾಗ ನಾನು ಪಕ್ಕದಲ್ಲಿದ್ದೇ ಅಭ್ಯಾಸ."

"ಇವತ್ತು ನಾನಿದೀನಿ ಪಕ್ಕದಲ್ಲಿ. ಯಾಕೆ, ನಿನ್ನ ಭಾವನಿಗೆ ಕಣ್ಣಿಲ್ವಾ?"

ಮಾತು ಬಾಯಿಂದ ಬಿದ್ದಿದ್ದೇ ತಡ, ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವನು ಭಾವನನ್ನು ನೋಡಿದ. ಭಾವ ನೆಲ ನೋಡಿದರು. ನನಗೆ ಅಲ್ಲಿಗೆ ಎಲ್ಲ ಅರ್ಥವಾಯಿತು. ಇವರಿಬ್ಬರಿಗೂ ಗೊತ್ತಿತ್ತು. ಯಾವತ್ತಿನಿಂದಲೋ ಗೊತ್ತಿತ್ತು. ನನ್ನ ತಮ್ಮ ಇಲ್ಲಿ ಎಡಭುಜಕ್ಕೆ ಅಂಟಿಕೊಂಡು, ಅಲ್ಲಿ ರೇಡಿಯೋದೊಳಗೆ ಕೂತು, ಇವರ ಕಣ್ಣಾಗಿದ್ದ. ನೆನಪಿಸಿಕೊಂಡರೆ, ಇವನಿಲ್ಲದೆ ಒಬ್ಬರೇ ಬಂದ ದಿನಗಳಲ್ಲೇ ರೆಕ್ಕೆ ಮುರಿದಿತ್ತು. ನನ್ನ ಕಣ್ಣಿಗೆ ಇಬ್ಬರೂ ಸೇರಿ ಮಣ್ಣೆರಚಿದ್ದರು, ಮೇಲಿಂದ ನನ್ನ ಗೋಂದಿಗೆ ಬೈಗುಳ.

ಅಲ್ಲೇ ನಿಲ್ಲಿಸಬೇಕಿತ್ತು. ಆದರೆ ಆ ಸಿಟ್ಟಿನಲ್ಲಿ ನನಗೆ ಅವರ ಬಾಯಿಂದಲೇ ಕೇಳಬೇಕಿತ್ತು.

"ಹೋಗೋ," ಎಂದು ಗದರಿದೆ. ಅವನು ಮೂರು ಸಲ ತಿರುಗಿ ನೋಡುತ್ತ ಬೇಲಿಯ ಕಡೆ ಹೋದ.

"ಹಾರ್ಸಿ," ಎಂದೆ ಇವರಿಗೆ.

ವಿಮಾನವನ್ನು ನಾನೇ ಎತ್ತಿ ಹಿಡಿದೆ, ಮೋಟಾರು ಜೇನಿನಂತೆ ಗುಂಯ್ಗುಟ್ಟಿತು, ಗಾಳಿಗೆದುರಾಗಿ ತೂರಿದೆ. ಸವತಿ ಹಾರಿದಳು. ಹೇಳಲೇಬೇಕು, ನನ್ನ ಎದೆ ಉಬ್ಬಿತು. ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿದ್ದದ್ದು ನೆಟ್ಟಗೆ, ಹಗುರಾಗಿ, ಬೆಳ್ಳಗೆ ಮೇಲೇರುತ್ತಿತ್ತು. ಇವರು ಅದನ್ನು ಬಲಕ್ಕೆ ತಿರುಗಿಸಿದರು. ದೊಡ್ಡದೊಂದು ಸುತ್ತು ಹಾಕಿ ಮತ್ತೆ ಬಲಕ್ಕೆ. ಮತ್ತೆ ಬಲಕ್ಕೆ. ಮುಖವನ್ನು ತುಸು ಎಡಕ್ಕೆ ಓರೆ ಮಾಡಿ, ಬಲಗಣ್ಣನ್ನು ಮುಂದೆ ಮಾಡಿಕೊಂಡು, ಉಸಿರು ಬಿಗಿ ಹಿಡಿದಿದ್ದರು. ಕತ್ತಿನ ನರ ಎದ್ದಿತ್ತು. ಇದನ್ನು ಖುಷಿಗೆ ಮಾಡುವ ಕೆಲಸ ಎಂದು ಯಾರೂ ಹೇಳುವಂತಿರಲಿಲ್ಲ.

"ಒಂದ್ಸಲ ಎಡಕ್ಕೆ ತಿರುಗ್ಸಿ ನೋಡೋಣ," ಎಂದೆ.

"ಯಾಕೆ, ಹೀಗೇ ಚೆನ್ನಾಗಿದೆಯಲ್ಲ."

"ಎಡಕ್ಕೆ ವಾಲುತ್ತೆ ಅಂದ್ರಿ. ಎಡಕ್ಕೆ ತಿರುಗ್ಸಿ. ನನ್ನ ತಪ್ಪು ನಾನೂ ನೋಡಬೇಕು."

"ಬೇಡ ಕಣೇ."

"ತಿರುಗ್ಸಿ ಅಂದೆ!"

ತಿರುಗಿಸಿದರು. ವಿಮಾನ ದೂರದಲ್ಲಿ ಎಡಕ್ಕೆ ವಾಲಿ, ಬೇಲಿಯ ಮೇಲಿನ ಬಿಳಿ ಆಕಾಶದೊಳಕ್ಕೆ ಹೋಯಿತು. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇವರ ತಲೆ ಅದರ ಹಿಂದೆ ತಿರುಗಿತು, ಸಾಲದೆ ಮೈಯೂ ತಿರುಗಿತು, ಆಮೇಲೆ ತಲೆ ನಿಂತುಹೋಯಿತು. ಅವರು ನೋಡುತ್ತಿದ್ದ ಕಡೆ ವಿಮಾನವಿರಲಿಲ್ಲ.

"ಎಲ್ಲಿ?" ಎಂದರು. ದನಿ ಅವರದಾಗಿರಲಿಲ್ಲ. "ಎಲ್ಲಿ ಹೋಯ್ತೇ?"

ಇದೇ ನನಗೆ ಬೇಕಾಗಿದ್ದದ್ದು. ಬೇಕಾಗಿದ್ದದ್ದು ಸಿಕ್ಕಿದ ಕ್ಷಣವೇ ನನ್ನ ಜೀವ ಬಾಯಿಗೆ ಬಂತು. ವಿಮಾನ ಪೂರ್ತಿ ಸುತ್ತಿ ಈಗ ನಮ್ಮ ಕಡೆಗೇ ಬರುತ್ತಿತ್ತು. ಬೇಲಿಯ ಉದ್ದಕ್ಕೂ, ಮೊದಲಿಗಿಂತ ಬಹಳ ಕೆಳಗೆ. ದಾರಿಯಲ್ಲಿ ಬೇಲಿಯ ಹರಕು, ಹರಕಿನ ಹತ್ತಿರ ಶಿಳ್ಳೆ.

"ಅಲ್ಲಿ, ಬೇಲಿ ಹತ್ರ! ಬಲಕ್ಕೆ ತಗೊಳ್ಳಿ! ಬಲಕ್ಕೆ!"

ನನ್ನ ಬಲಕ್ಕೆ ಖಾಲಿ ಹುಲ್ಲಿತ್ತು. ಇವರ ಹೆಬ್ಬೆರಳು ಕಡ್ಡಿಯನ್ನು ಬಲಕ್ಕೆ ತಳ್ಳಿತು. ವಿಮಾನ ಬೇಲಿಯ ಕಡೆಗೇ ಹೊರಳಿತು.

ಏನಾಯಿತೆಂದು ನನಗೆ ತಿಳಿಯಲಿಲ್ಲ. ಆ ವಿಮಾನದ ಪ್ರತಿ ಅಂಗುಲವನ್ನೂ ಕೊಯ್ದು ಅಂಟಿಸಿದವಳು ನಾನು. ಆದರೆ ಹಾರಿಸಿದವಳಲ್ಲ. ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಬಲವೆಂದರೆ ನಮ್ಮ ಎಡ. ಹಾರಿಸುವವರು ಮೊದಲ ವಾರ ಕಲಿಯುವ ಪಾಠ ಇದು. ಶಿಳ್ಳೆ ಪಕ್ಕದಲ್ಲಿದ್ದಿದ್ದರೆ ಎಡಕ್ಕೆ ಭಾವ ಎನ್ನುತ್ತಿದ್ದ. ಇವರಿಗೂ ಗೊತ್ತಿದ್ದ ಪಾಠವೇ, ಆದರೆ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಇವರಿಗೆ ಕಂಡಿದ್ದರೆ ತಾನೆ? ಇವರಿಗೆ ಇದ್ದದ್ದು ನನ್ನ ದನಿ ಒಂದೇ.

"ಬಲಕ್ಕೆ! ಇನ್ನೂ ಬಲಕ್ಕೆ!" ಎಂದು ಕಿರುಚಿದೆ. ಇವರು ಇನ್ನೂ ಬಲಕ್ಕೆ ತಳ್ಳಿದರು. ಯಾಕೆ ಎಂದು ಕೇಳಲಿಲ್ಲ, ಹೆಬ್ಬೆರಳು ಒಂದು ಚೂರೂ ಅನುಮಾನಿಸಲಿಲ್ಲ. ದನಿ ಹೇಳಿದ್ದನ್ನು ಮಾಡಿ ಮಾಡಿ ಪಳಗಿದ ಕೈ ಅದು. ಅಲ್ಲಿ, ಆ ಎತ್ತರದಲ್ಲಿ, ಕಾಂಕ್ರೀಟು ಕೂಡ ಹೀಗೇ ಒಂದು ದನಿಯ ಹಿಂದೆ ತಿರುಗುತ್ತಿತ್ತು ಎನ್ನುವುದು ಆ ಗಳಿಗೆಯಲ್ಲೇ ನನಗೆ ಹೊಳೆಯಿತು.

ಶಿಳ್ಳೆ ಎರಡೂ ಕೈ ಬೀಸುತ್ತ ನಮ್ಮ ಕಡೆ ಓಡಿ ಬರುತ್ತಿದ್ದ. "ಎಡಕ್ಕೆ ಭಾವ! ಎಡಕ್ಕೆ!" ಎಂದು ಅವನು ಕೂಗುತ್ತಿದ್ದದ್ದು ಗಾಳಿಯಲ್ಲಿ ಅರ್ಧ ಕೇಳಿಸಿತು. ಅವನು ಹಿಂದಕ್ಕೆ ತಿರುಗಿ ನೋಡುವಷ್ಟರಲ್ಲಿ ವಿಮಾನ ಅವನ ಮುಖಕ್ಕೆ ನೇರವಾಗಿತ್ತು.

"ಮೋಟಾರ್ ಆಫ್ ಮಾಡ್ರೀ!"

ಅದೊಂದನ್ನು ಸರಿಯಾಗಿ ಹೇಳಿದೆ. ಗುಂಯ್ಗುಟ್ಟುವುದು ನಿಂತಿತು. ಶಿಳ್ಳೆ ತೋಳನ್ನು ಮುಖಕ್ಕೆ ಅಡ್ಡ ತಂದ. ಫೋಮು ಮುರಿದ ಸದ್ದು ಅಲ್ಲಿಂದ ಇಲ್ಲಿಗೆ ಕೇಳಿಸಿತು, ಅವನು ಹಿಂದಕ್ಕೆ ಬಿದ್ದ.

ನಾನು ಓಡಿದೆ. ಹಿಂದೆ ಇವರು ಓಡಿಬರುತ್ತ, ಎಡವುತ್ತ, "ಯಾರಿಗೆ ತಾಗ್ತು? ಏ, ಯಾರಿಗೆ ತಾಗ್ತು?" ಎಂದು ಕೂಗುತ್ತಿದ್ದರು.

"ಏನೂ ಆಗಿಲ್ಲ ಭಾವ! ನನಗೇನೂ ಆಗಿಲ್ಲ!" ಎಂದ ಶಿಳ್ಳೆ, ಹುಲ್ಲಿನಲ್ಲಿ ಕೂತುಕೊಂಡೇ. ಮೊಣಕೈಯಿಂದ ಮಣಿಕಟ್ಟಿನವರೆಗೆ ಪ್ರೊಪೆಲ್ಲರ್ ಗೀಚಿಹೋಗಿತ್ತು. ರಕ್ತ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮೋಟಾರು ನಿಂತಿರದಿದ್ದರೆ ಮೂಳೆ ಕಾಣುತ್ತಿತ್ತು. ತೋಳು ಅಡ್ಡ ಬಂದಿರದಿದ್ದರೆ ಕಣ್ಣು. ಅವನು ನನಗೆ ಕೈಸನ್ನೆ ಮಾಡಿದ, ಹೇಳಬೇಡ ಎಂದು. ಭಾವನ ಎದುರಿಗೇ, ರಾಜಾರೋಷವಾಗಿ ಸನ್ನೆ ಮಾಡಿದ. ಇವರು ಅವನನ್ನು ತಮ್ಮ ಎಡಕ್ಕೆ ಮಾಡಿಕೊಂಡು ನಿಂತಿದ್ದರು, ಇವರಿಗೆ ಅದೂ ಕಾಣಲಿಲ್ಲ.

ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು. ತಮ್ಮನ ಕೆನ್ನೆಗೆ ಒಂದು ಬಾರಿಸಿದೆ. "ಇನ್ನೂ ಮುಚ್ಚಿಡ್ತೀಯಾ? ರಕ್ತ ಸುರೀತಿದೆ ರೀ ಅವನ ಕೈಲಿ! ಸುರೀತಿದೆ!"

ಇವರು ಮಂಡಿಯೂರಿ ಕೂತು ಕೈ ಚಾಚಿದರು. ಬೆರಳುಗಳು ಮೊದಲು ಹುಲ್ಲು ಮುಟ್ಟಿದವು, ಆಮೇಲೆ ಅವನ ಮೊಣಕಾಲು, ಆಮೇಲೆ ಒದ್ದೆಯಾದ ತೋಳು. ಕೈ ಮೇಲೆತ್ತಿ ಬಲಗಣ್ಣಿನ ಹತ್ತಿರ ತಂದು ನೋಡಿಕೊಂಡರು. ಆಮೇಲೆ ಅಂಗಿ ಬಿಚ್ಚಿ, ಮಡಿಸಿ, ಗಾಯದ ಮೇಲೆ ಒತ್ತಿ ಹಿಡಿದರು.

"ಯಾವಾಗ್ಲಿಂದ?" ಎಂದೆ.

"ಮೊದಲು ಮಂಜು ಬಂದ ಹಾಗಿತ್ತು," ಎಂದರು. "ಈಗ ಎಡಗಣ್ಣಲ್ಲಿ ಏನೂ ಇಲ್ಲ. ಬಲಗಣ್ಣಲ್ಲೂ ಬೆಳಕಿಗೆ ನೋಡಿದ್ರೆ ಎಲ್ಲ ಕರಗಿಹೋಗುತ್ತೆ."

"ತಪ್ಪು ನಂದು ಅಕ್ಕ," ಎಂದ ಶಿಳ್ಳೆ ನಡುವೆ ಬಾಯಿ ಹಾಕಿ. "ನಾನೇ ಬೇಡ ಅಂದಿದ್ದು. ಹೇಳಿದ್ರೆ ಮಾರನೇ ದಿನವೇ ಕೆಳಗಿಳಿಸ್ತಾರೆ. ಭಾವ ಆ ಗೂಡು ಬಿಟ್ಟು ಕೆಳಗೆ ಏನು ಮಾಡ್ತಾರೆ ಹೇಳು? ಗೇಟಲ್ಲಿ ಕೂರ್ತಾರಾ? ಕೆಳಗೆ ನಿಂತಿರೋನು ನಾನು ತಾನೆ. ನನಗೆ ಭಯ ಇಲ್ಲ. ಒಂದು ದಿನಾನೂ ತಪ್ಪು ಹೇಳಿಲ್ಲ ನಾನು."

"ನಾನೂ ತಪ್ಪು ಹೇಳ್ಬೇಕು ಅಂತ ಹೇಳಿದ್ನೇನೋ ಈಗ?"

ಅವನು ತನ್ನ ತೋಳು ನೋಡಿಕೊಂಡ.

"ಮತ್ತೆ ಒಬ್ಬರೇ ಬಂದು ಯಾಕೆ ಹಾರಿಸ್ತಿದ್ರಿ?" ಎಂದು ಇವರನ್ನು ಕೇಳಿದೆ. "ಕಾಣಲ್ಲ ಅಂತ ಗೊತ್ತಿದ್ದೂ?"

ಅಂಗಿಯನ್ನು ಗಾಯದ ಮೇಲೆ ಇನ್ನಷ್ಟು ಒತ್ತಿ ಹೇಳಿದರು. "ಇವನಿಲ್ದೆ ಆಗುತ್ತಾ ಅಂತ ನೋಡ್ತಿದ್ದೆ. ಇಲ್ಲಿ ಆದ್ರೆ ಅಲ್ಲೂ ಆಗುತ್ತೆ ಅಂದ್ಕೊಂಡಿದ್ದೆ. ಪ್ರತಿ ಸಲ ಮುರಿದುಕೊಂಡು ಬರ್ತಿದ್ದೆ. ನೀನು ಅಂಟಿಸಿ ಕೊಡ್ತಿದ್ದೆ. ಅದು ಮತ್ತೆ ಹೊಸದರ ಹಾಗೆ ಕಾಣೋದು, ಇನ್ನೊಂದ್ಸಲ ನೋಡೋಣ ಅನ್ಸೋದು."

ನನಗೆ ಈ ಮನುಷ್ಯನ ಮೇಲೆ ಬಹಳ ಪ್ರೀತಿ ಉಕ್ಕಿತು, ಅಷ್ಟೇ ಬಲವಾಗಿ ಕೊರಳು ಹಿಚುಕಿಬಿಡಬೇಕೆಂದೂ ಅನ್ನಿಸಿತು.

"ಫೋನ್ ಮಾಡಿ," ಎಂದೆ. "ಈಗಲೇ. ನಾಳೆ ಬರಲ್ಲ ಅಂತ ಹೇಳಿ."

"ಅಕ್ಕ, ಬೇಡ," ಎಂದ ಶಿಳ್ಳೆ. "ನಾಳೆ ಒಂದು ದಿನ ಆಗ್ಲಿ. ಗೋಡೆ ಎಲ್ಲ ಬಂದು ಬಿದ್ದಿವೆ. ಇದೊಂದು ಮುಗಿದ ಮೇಲೆ ನಿಧಾನಕ್ಕೆ ಹೇಳೋಣ."

ಇವರ ಎರಡೂ ಕೈ ಅವನ ತೋಳಿನ ಮೇಲಿದ್ದವು. ಅವರ ಜೇಬಿನಿಂದ ಫೋನನ್ನು ನಾನೇ ತೆಗೆದು, ಸೈಟಿನ ಇಂಜಿನಿಯರಿಗೆ ಹಚ್ಚಿ, ಸ್ಪೀಕರ್ ಹಾಕಿ ಅವರ ಬಾಯಿಯ ಮುಂದೆ ಹಿಡಿದೆ. ಆ ಕಡೆ ಗಂಟೆ ಬಾರಿಸುತ್ತಿದ್ದಷ್ಟು ಹೊತ್ತೂ ಶಿಳ್ಳೆ ತಲೆ ಅಲ್ಲಾಡಿಸುತ್ತಿದ್ದ, ಬೇಡ ಭಾವ, ಬೇಡ ಎಂದು.

"ಸಾರ್, ನಾಳೆ ಎತ್ತೋಕೆ ನನ್ನ ಕೈಲಿ ಆಗಲ್ಲ," ಎಂದರು ಇವರು.

"ಏನ್ರೀ ತಮಾಷೆ ಮಾಡ್ತೀರಾ? ಎಲ್ಲ ಸಿದ್ಧವಾಗಿದೆ. ಹುಷಾರಿಲ್ವಾ?"

"ಹುಷಾರಿದೀನಿ. ಕಣ್ಣು ಸರಿ ಇಲ್ಲ."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. ಕೆಟ್ಟ ಮನುಷ್ಯನ ದನಿಯಲ್ಲ ಅದು, ಕೆಲಸ ತಲೆಯ ಮೇಲೆ ಕೂತವನ ದನಿ. "ನೋಡಿ, ಗಾಬರಿ ಬೇಡ. ನಾಳೆ ನಿಧಾನಕ್ಕೆ ಮಾಡೋಣ, ಅವಸರ ಇಲ್ಲ. ನಿಮ್ಮ ಶಿಳ್ಳೆ ಇರ್ತಾನಲ್ಲ ಕೆಳಗೆ? ಅವನು ಹೇಳಿದ ಹಾಗೆ ಎತ್ತಿ, ಅಷ್ಟೇ. ಎಷ್ಟು ಸಲ ಮಾಡಿಲ್ಲ ನೀವಿಬ್ಬರೂ?"

ಶಿಳ್ಳೆಯ ಮುಖ ಅರಳಿತು. ಬಾಗಿಲು ಹೀಗೆ ಹಾರುಹೊಡೆದುಕೊಂಡಿರುವಾಗ ಯಾರು ತಾನೆ ಹಿಂದೆ ಸರಿಯುತ್ತಾರೆ? ಹೂಂ ಅಂದುಬಿಟ್ಟರೆ ಮುಗಿಯಿತು, ನಾಳೆ ಬೆಳಿಗ್ಗೆ ಮತ್ತೆ ಆ ಗೂಡು, ಆ ಕುರ್ಚಿ. ನಾನು ಬಾಯಿ ಬಿಡಲಿಲ್ಲ. ಈಗಷ್ಟೇ ನನ್ನ ಬಾಯಿ ಹೇಳಿದ್ದನ್ನು ಅವರು ಕೇಳಿದ್ದರು.

"ಸಾರ್," ಎಂದರು ಇವರು. "ಅವನು ಕೆಳಗಿರ್ತಾನೆ, ನಿಜ. ಆದ್ರೆ ನನಗೆ ಅವನು ಕಾಣೋದಿಲ್ಲ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಮತ್ತೆ ನಾಳೆ ಯಾರ್ರೀ ಎತ್ತೋದು?"

"ಗೊತ್ತಿಲ್ಲ ಸಾರ್. ನಾನಲ್ಲ."

ನಾನು ಫೋನ್ ಆಫ್ ಮಾಡಿದೆ. ಶಿಳ್ಳೆ ಮುಖ ಆ ಕಡೆ ತಿರುಗಿಸಿಕೊಂಡು ಅಳುತ್ತಿದ್ದ. ಅವನ ತೋಳಿನ ರಕ್ತ ಆಗಲೇ ನಿಂತಿತ್ತು, ಆದರೂ ಇವರು ಬಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.